ಹತ್ತು ಮೈಲಿಯೊಳಗೆ ಏನಾದರೂ ಇದೆಯಾ?

ಅಮೆರಿಕ ಸರ್ಕಾರಕ್ಕೆ ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳ ಮೇಲೆ ಎಷ್ಟು ಕಾಳಜಿ ಅಂತ ತಿಳಿಯಬೇಕಾದರೆ 2007ರ ಒಂದು ಕಾನೂನು ನೋಡಬೇಕು. ದೇಶದ ಭದ್ರತೆಗೆ ಅಂತ ರಾಜ್ಯಗಳಿಗೂ ದೊಡ್ಡ ನಗರಗಳಿಗೂ ಹಂಚುವ ಅನುದಾನದಲ್ಲಿ ಕಡಿಮೆ ಎಂದರೂ ಶೇ 0.1ರಷ್ಟನ್ನು ಬುಡಕಟ್ಟುಗಳಿಗೆ ಕೊಡಲೇಬೇಕಂತೆ. ನಮ್ಮ ಲೆಕ್ಕದಲ್ಲಿ ನೂರು ರೂಪಾಯಿಗೆ ಹತ್ತು ಪೈಸೆ. ಸುಳ್ಳು ಹೇಳಬಾರದು, ಅದಕ್ಕಿಂತ ಜಾಸ್ತಿಯೇ ಕೊಡುತ್ತಾರೆ. 2023ರಲ್ಲಿ 1.5 ಕೋಟಿ ಡಾಲರ್ ಇಟ್ಟಿದ್ದರು. ಆಗ ಸರ್ಕಾರದ ಮಾನ್ಯತೆ ಪಡೆದ ಬುಡಕಟ್ಟುಗಳು 574. ಸಮನಾಗಿ ಹಂಚಿದರೆ ಒಂದೊಂದಕ್ಕೆ ಸುಮಾರು 26 ಸಾವಿರ ಡಾಲರ್. ಆಂಬುಲೆನ್ಸ್ ಬರುವುದಿಲ್ಲ, ಸ್ಟ್ರೆಚರು, ಸೈರನ್ನು ಬರಬಹುದು.

ಆದರೆ ಸಮನಾಗಿ ಹಂಚುವವರು ಯಾರು? ಅರ್ಜಿ ಹಾಕಿ ಪೈಪೋಟಿಯಲ್ಲಿ ಗೆಲ್ಲಬೇಕು. ಅದಕ್ಕೂ ಮೊದಲು ಅರ್ಹತೆ. ನಿಮ್ಮಲ್ಲಿ ಪೊಲೀಸೋ ತುರ್ತು ಸೇವೆಯೋ ಆಗಲೇ ಇರಬೇಕು, ಕರೆ ಬಂದರೆ ಓಡಿ ಹೋಗುವ ತಾಕತ್ತು ಅದಕ್ಕಿರಬೇಕು. ಅದಿಲ್ಲ ಅಂತಲೇ ಅಲ್ವಾ ದುಡ್ಡು ಕೇಳುವುದು? ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ.

ಆಮೇಲೆ ಜಾಗದ ಪ್ರಶ್ನೆ. ನೀವು ದೇಶದ ಗಡಿಯ ಹತ್ತಿರವೋ ಸಮುದ್ರದ ಹತ್ತಿರವೋ ಇರಬೇಕು, ಇಲ್ಲವೇ ಅತಿ ಹೆಚ್ಚು ಜನರಿರುವ 50 ಮಹಾನಗರ ಪ್ರದೇಶಗಳಲ್ಲಿ ಒಂದರ ಒಳಗೋ ಪಕ್ಕಕ್ಕೋ ಇರಬೇಕು, ಇಲ್ಲವೇ 1,000 ಚದರ ಮೈಲಿ ನೆಲ ನಿಮ್ಮ ಆಡಳಿತದಲ್ಲಿರಬೇಕು. ಯಾವುದೂ ಇಲ್ಲವಾ? ಹಾಗಾದರೆ ದೇಶಕ್ಕೆ ತೀರಾ ಮುಖ್ಯವಾದ ಸ್ಥಾವರಗಳ ಪಟ್ಟಿಯಲ್ಲಿರುವ ಏನಾದರೊಂದು 10 ಮೈಲಿಯೊಳಗೆ ಇರಲಿ ಸಾಕು. ಪಟ್ಟಿ ಎಲ್ಲಿದೆ ಅಂತ ಕೇಳಬೇಡಿ, ಅದನ್ನು ಊರಿಗೆಲ್ಲ ತೋರಿಸುವುದಿಲ್ಲ. ಸುಮ್ನೆ ನಾವು ಅರ್ಹರು ಅಂತ ಸಹಿ ಹಾಕಿ.

ಅಲ್ಲಿನ ಕೌಂಟರೂ ನಮ್ಮ ತಾಲ್ಲೂಕು ಕಚೇರಿಯ ಥರವೇ ಇದ್ದರೆ, ಮಾತು ಹೀಗೆ ನಡೆದೀತು:

"ನಿಮ್ಮ ಹತ್ತಿರದಲ್ಲಿ ಮುಖ್ಯವಾದದ್ದು ಏನಿದೆ?"

"ಏನೂ ಇಲ್ಲ ಸಾರ್. ಬಯಲು, ಗಾಳಿ, ನಾವು."

"ಹೋಗಿ ಹೋಗಿ ಅಂಥ ಕಡೆ ಯಾಕೆ ಮನೆ ಮಾಡಿದಿರಿ?"

"ನಾವು ಮಾಡಲಿಲ್ಲ ಸಾರ್. 1830ರಲ್ಲಿ ನಿಮ್ಮವರೇ ಕಾಯ್ದೆ ಮಾಡಿ, ಮಿಸಿಸಿಪ್ಪಿ ನದಿ ದಾಟಿಸಿ, ಇಲ್ಲಿ ತಂದು ಬಿಟ್ಟರು."

"ಓ ಹಾಗಾ. ಅದಕ್ಕೆ ದಾಖಲೆ ಇದೆಯಾ?"

"ನಿಮ್ಮ ಹತ್ತಿರವೇ ಇದೆ ಸಾರ್."

"ಸರಿ, ಅದರ ಎರಡು ಜೆರಾಕ್ಸ್ ಲಗತ್ತಿಸಿ."