ಡೈಡೋಳನ್ನು ಈನಿಯಸ್ ಹೇಳದೆ ಬಿಟ್ಟುಹೋದನೇ? ಒಂದು ಸ್ಪಷ್ಟನೆ

ರೋಮನ್ ಕವಿ ವರ್ಜಿಲನ ‘ಈನಿಡ್’ ಮಹಾಕಾವ್ಯದಲ್ಲಿ ಟ್ರಾಯ್ ನಗರದ ವೀರ ಈನಿಯಸ್, ಉತ್ತರ ಆಫ್ರಿಕಾದ ಕಾರ್ತೇಜ್ ನಗರದ ರಾಣಿ ಡೈಡೋಳನ್ನು ಬಿಟ್ಟು ಹೋಗುತ್ತಾನೆ. ‘ವರ್ಜಿಲನ ಈನಿಯಸ್‌ಗೆ ಡೈಡೋ ಮೇಲೆ ಪ್ರೀತಿಯೇ ಇರಲಿಲ್ಲ, ಹೇಳದೆ ಕೇಳದೆ ಕಾರ್ತೇಜ್ ಬಿಟ್ಟು ಓಡಿದ’ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ‘ಈನಿಡ್’ನ 4ನೇ ಸರ್ಗದಲ್ಲಿ ದೇವದೂತ ಮರ್ಕ್ಯುರಿ, ಇಟಲಿಗೆ ಹೊರಡು ಎಂಬ ದೇವರಾಜ ಜ್ಯೂಪಿಟರನ ಆಜ್ಞೆ ತಂದ ಮೇಲೆ ಈನಿಯಸ್ ಗುಟ್ಟಾಗಿ ಹಡಗು ಸಜ್ಜುಗೊಳಿಸಲು ಹೇಳುವುದೇನೋ ನಿಜ. ಆದರೆ ರಾಣಿಗೆ ಸುಳಿವು ಸಿಕ್ಕಿ ಇಬ್ಬರೂ ಮುಖಾಮುಖಿಯಾಗುತ್ತಾರೆ. ‘ಇಟಲಿಗೆ ನಾನಾಗಿ ಹೊರಟಿಲ್ಲ’ ಎನ್ನುತ್ತಾನೆ ಈನಿಯಸ್ (361ನೇ ಸಾಲು). 395ರಲ್ಲಿ ಪ್ರೇಮದಿಂದ ಅವನ ಮನಸ್ಸು ಅಲುಗಿತೆಂದು ಕವಿಯೇ ಹೇಳುತ್ತಾನೆ. ಮರುಸಾಲಿನಲ್ಲೇ ದೇವರ ಅಪ್ಪಣೆ ಗೆಲ್ಲುತ್ತದೆ.

4ನೇ ಸರ್ಗಕ್ಕೇ ಓದು ನಿಲ್ಲಿಸಿದವರಿಗೆ 6ನೇ ಸರ್ಗ ತಪ್ಪಿಹೋಗುತ್ತದೆ. ಅಲ್ಲಿ ಸತ್ತವರ ಲೋಕವಾದ ಪಾತಾಳದಲ್ಲಿ ಈನಿಯಸ್ ಡೈಡೋಳನ್ನು ಕಂಡು ಅಳುತ್ತಾ ‘ಮನಸ್ಸಿಲ್ಲದೆ ಹೊರಟೆ’ ಎನ್ನುತ್ತಾನೆ. ಅವಳು ಮಾತಾಡದೆ ಮೊದಲ ಗಂಡ ಸೈಕಿಯಸ್‌ನ ಬಳಿಗೆ ಹೋಗುತ್ತಾಳೆ. ಈನಿಯಸ್‌ನನ್ನು ದೂರಲೇಬೇಕಿದ್ದರೆ, ಮದುವೆಯೇ ಆಗಿಲ್ಲವೆಂದು ಅವನು ಜಾರಿಕೊಳ್ಳುವ 4ನೇ ಸರ್ಗದ 338–339ನೇ ಸಾಲುಗಳನ್ನು ಹಿಡಿಯಿರಿ.