ರಾತ್ರಿ ಹನ್ನೊಂದೂವರೆಯ ಹಸಿವು

"ಏಳು ಗಂಟೆ ಆದ ಮೇಲೆ ಏನೂ ತಿನ್ನಬೇಡಿ, ತೂಕ ತಾನಾಗೇ ಇಳಿಯುತ್ತೆ." ಈ ಮಾತನ್ನು ನನಗೆ ಎಷ್ಟು ಜನ ಹೇಳಿದ್ದಾರೋ ಲೆಕ್ಕವಿಲ್ಲ. ಹೇಳಿದವರೆಲ್ಲ ನನ್ನ ಒಳ್ಳೆಯದಕ್ಕೇ ಹೇಳಿದ್ದು. ನಾನೂ ನಂಬಿದೆ. ನಂಬಿ ಎಂಟು ತಿಂಗಳು ಒದ್ದಾಡಿದೆ.

ಇವತ್ತು ಇದನ್ನು ಬರೆಯಲು ಕಾರಣ ಇದೆ. ಹೋದ ವಾರ ಗೆಳತಿಯೊಬ್ಬಳು ಫೋನ್ ಮಾಡಿ ಅತ್ತಳು. ನಡುರಾತ್ರಿ ಎದ್ದು ಹೋಗಿ ತಿಂದೆ ಕಣೇ, ಈ ವಾರದಲ್ಲಿ ಇದು ಮೂರನೇ ಸಲ, ನನಗೆ ಮನಸ್ಸಿನ ಮೇಲೆ ಹಿಡಿತವೇ ಇಲ್ಲ, ನನ್ನ ಕೈಲಿ ಇದು ಆಗೋದಿಲ್ಲ ಅಂತ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಇದನ್ನು ಓದುತ್ತಿರುವವರಲ್ಲೂ ಎಷ್ಟೋ ಜನಕ್ಕೆ ಇದೇ ಕಷ್ಟ ಇದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ನನ್ನ ಆ ಎಂಟು ತಿಂಗಳು ಹೀಗಿತ್ತು. ಬೆಳಗ್ಗೆ ಬರೀ ಕಾಫಿ. ಮಧ್ಯಾಹ್ನ ಒಂದು ಸಣ್ಣ ಡಬ್ಬಿ ತರಕಾರಿ, ಅದನ್ನೂ ಕೆಲಸ ಮಾಡುತ್ತಲೇ ಮುಗಿಸುತ್ತಿದ್ದೆ. ಸಂಜೆ ಏನೂ ಇಲ್ಲ. ಏಳಕ್ಕೆ ಮುಂಚೆ ಒಂದು ಬಟ್ಟಲು ಸೂಪ್. ನೋಡಿದವರೆಲ್ಲ ಎಷ್ಟು ಕಟ್ಟುನಿಟ್ಟಾಗಿದ್ದೀಯ ಅಂತ ಮೆಚ್ಚುತ್ತಿದ್ದರು. ಆಮೇಲೆ ರಾತ್ರಿ ಹನ್ನೊಂದೂವರೆ ಆಗುತ್ತಿತ್ತು. ಮನೆಯವರೆಲ್ಲ ಮಲಗಿರುತ್ತಿದ್ದರು. ಲೈಟ್ ಹಾಕದೆ ಅಡುಗೆಮನೆಗೆ ಹೋಗುತ್ತಿದ್ದೆ. ಫ್ರಿಜ್ ಬಾಗಿಲು ತೆಗೆದರೆ ಅದರ ಬೆಳಕು ನೆಲದ ಮೇಲೆ ಉದ್ದಕ್ಕೆ ಬೀಳುತ್ತಿತ್ತು, ಬರಿಗಾಲಿಗೆ ತಣ್ಣಗೆ ಗಾಳಿ ತಾಗುತ್ತಿತ್ತು. ಅದರಲ್ಲಿ ಬೇಕಾದ್ದು ಸಿಗದೆ ಬಾಗಿಲು ಮುಚ್ಚಿ ಬಿಸ್ಕತ್ತಿನ ಪ್ಯಾಕೆಟ್ ಕೈಗೆತ್ತಿಕೊಳ್ಳುತ್ತಿದ್ದೆ. ಸದ್ದು ಆಗಬಾರದು ಅಂತ ಎರಡೂ ಕೈಯಲ್ಲಿ ಹಿಡಿದು ನಿಧಾನಕ್ಕೆ ಬಿಡಿಸುವುದು. ಮೊದಲು ಎರಡು. ಆಮೇಲೆ ಇನ್ನೆರಡು. ನಿಂತುಕೊಂಡೇ ತಿನ್ನುತ್ತಿದ್ದೆ, ಕೂತರೆ ಅದು ಊಟ ಅಂತ ಆಗಿಬಿಡುತ್ತೆ ಅನ್ನುವ ಭಯ. ಮುಗಿದ ಮೇಲೆ ಖಾಲಿ ಕವರನ್ನು ಸಣ್ಣದಾಗಿ ಮಡಚಿ ಕಸದ ಬುಟ್ಟಿಯ ತಳಕ್ಕೆ ತುರುಕುತ್ತಿದ್ದೆ, ಬೆಳಗ್ಗೆ ಯಾರ ಕಣ್ಣಿಗೂ ಬೀಳಬಾರದು ಅಂತ.

ಬೆಳಗ್ಗೆ ಎದ್ದರೆ ಹಸಿವೇ ಇರುತ್ತಿರಲಿಲ್ಲ. ಹೇಗಿರುತ್ತೆ, ಹೊಟ್ಟೆಯಲ್ಲಿ ರಾತ್ರಿಯದು ಇನ್ನೂ ಇದೆ. ಜೊತೆಗೆ ತಪ್ಪು ಮಾಡಿದೆ ಅನ್ನುವ ಸಂಕಟ. ಹಾಗಾಗಿ ಮತ್ತೆ ಬರೀ ಕಾಫಿ, ಮತ್ತೆ ಸಣ್ಣ ಡಬ್ಬಿ. ಗಾಣದ ಎತ್ತಿನ ಹಾಗೆ ಸುತ್ತಿದ್ದೇ ಸುತ್ತಿದ್ದು.

ಕೊನೆಗೆ ಒಬ್ಬ ಡಯಟಿಷಿಯನ್ ಹತ್ತಿರ ಹೋದೆ. ಅವರು ಬೈಯಲಿಲ್ಲ, ಪಟ್ಟಿಯನ್ನೂ ಕೊಡಲಿಲ್ಲ. "ಎರಡು ವಾರ ಒಂದು ಪುಸ್ತಕದಲ್ಲಿ ಬರೆದುಕೊಂಡು ಬನ್ನಿ. ರಾತ್ರಿ ಏನು ತಿಂದಿರಿ ಅನ್ನೋದು ನನಗೆ ಬೇಡ. ಆವತ್ತು ಹಗಲು ಏನು ತಿಂದಿರಿ ಅಂತ ಮಾತ್ರ ಬರೀರಿ" ಅಂದರು. ಬರೆದೆ. ಹದಿನಾಲ್ಕು ರಾತ್ರಿಗಳಲ್ಲಿ ಒಂಬತ್ತು ರಾತ್ರಿ ಅಡುಗೆಮನೆಗೆ ಹೋಗಿದ್ದೆ. ಆ ಒಂಬತ್ತರಲ್ಲಿ ಎಂಟು ದಿನ ಮಧ್ಯಾಹ್ನದ ಊಟ ಬಿಟ್ಟಿದ್ದೆ, ಇಲ್ಲವೇ ನಾಲ್ಕು ತುತ್ತಿಗೆ ನಿಲ್ಲಿಸಿದ್ದೆ. ಸುಮ್ಮನೆ ಆ ಪುಟ ನೋಡುತ್ತಾ ಕೂತೆ. ಎಂಟು ತಿಂಗಳಿಂದ ನಾನು ಕಾವಲು ಕಾಯುತ್ತಿದ್ದದ್ದು ರಾತ್ರಿಯನ್ನು, ಎಡವಟ್ಟು ಆಗುತ್ತಿದ್ದದ್ದು ಮಧ್ಯಾಹ್ನ ಒಂದು ಗಂಟೆಗೆ. ಬಿಸ್ಕತ್ತಿನ ಪ್ಯಾಕೆಟ್ ಹಿಂದೆ ಓದಿದರೆ ನೂರು ಗ್ರಾಂಗೆ ಸುಮಾರು 480 ಕ್ಯಾಲರಿ ಅಂತ ಇತ್ತು. ನಾನು ಹಗಲು ಉಳಿಸಿದ್ದೆ ಅಂದುಕೊಂಡದ್ದೆಲ್ಲ ಅಲ್ಲಿ ಹೋಗುತ್ತಿತ್ತು, ಅದರ ಮೇಲೆ ಇನ್ನಷ್ಟು.

ಹಾಗಾದರೆ ಹೊತ್ತಿಗೂ ತೂಕಕ್ಕೂ ಸಂಬಂಧವೇ ಇಲ್ವಾ? ಇದೆ. ಆದರೆ ಜನ ಹೇಳುವ ರೀತಿಯಲ್ಲಿ ಅಲ್ಲ.

ನಮ್ಮ ಮೆದುಳಿನಲ್ಲಿ ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪು ಇದೆ, ಅದೇ ದೇಹದ ಮುಖ್ಯ ಗಡಿಯಾರ. ಲಿವರ್, ಪ್ಯಾಂಕ್ರಿಯಾಸ್, ಕೊಬ್ಬಿನ ಕೋಶ, ಎಲ್ಲಕ್ಕೂ ತಮ್ಮ ತಮ್ಮ ಗಡಿಯಾರ ಇದೆ. ಈ ಗಡಿಯಾರ ಜೀವಕೋಶದ ಒಳಗೆ ಹೇಗೆ ನಡೆಯುತ್ತೆ ಅಂತ ಹಣ್ಣಿನ ನೊಣದಲ್ಲಿ ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ರಾತ್ರಿ ಆದ ಹಾಗೆ ನಿದ್ದೆಗೆ ಕರೆಯುವ ಮೆಲಟೋನಿನ್ ಏರುತ್ತದೆ. ಅದು ಏರಿದಾಗ ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಬರುವುದು ಕಡಿಮೆ ಆಗುತ್ತದೆ. ಸ್ಪೇನ್‌ನಲ್ಲಿ 845 ಜನರಿಗೆ ಮಲಗುವ 4 ಗಂಟೆ ಮುಂಚೆ ಒಂದು ದಿನ, 1 ಗಂಟೆ ಮುಂಚೆ ಇನ್ನೊಂದು ದಿನ ಗ್ಲೂಕೋಸ್ ಕುಡಿಸಿ ನೋಡಿದರು. ಅದೇ ಗ್ಲೂಕೋಸ್, ಆದರೆ ಮಲಗುವ ಹೊತ್ತಿಗೆ ಕುಡಿದಾಗ ರಕ್ತದಲ್ಲಿ ಸಕ್ಕರೆ ಜಾಸ್ತಿ ಏರಿತು. 2022ರಲ್ಲಿ ಬಂದ ಅಧ್ಯಯನ ಇದು. ಸಕ್ಕರೆ ಕಾಯಿಲೆಯ ಅಂಚಿನಲ್ಲಿ ಇರುವವರು ಇದನ್ನು ಸುಮ್ನೆ ತಳ್ಳಿಹಾಕಬಾರದು.

ಇನ್ನು ತೂಕದ ಮಾತು. ಅದೇ ವರ್ಷ ಎರಡು ಅಧ್ಯಯನ ಬಂದವು, ಎರಡನ್ನೂ ಒಟ್ಟಿಗೆ ಓದಬೇಕು. ಬಾಸ್ಟನ್‌ನಲ್ಲಿ ತೂಕ ಜಾಸ್ತಿ ಇದ್ದ 16 ಜನರಿಗೆ ಅದೇ ಊಟವನ್ನು ಒಮ್ಮೆ ಬೇಗ, ಒಮ್ಮೆ 4 ಗಂಟೆ ತಡವಾಗಿ ಕೊಟ್ಟರು. ತಡವಾದಾಗ ಹಸಿವು ಜಾಸ್ತಿ ಆಯಿತು, ಹೊಟ್ಟೆ ತುಂಬಿದೆ ಅಂತ ಹೇಳುವ ಲೆಪ್ಟಿನ್ ಕಡಿಮೆ ಆಯಿತು, ಎಚ್ಚರ ಇರುವಾಗ ದೇಹ ಸುಡುವ ಕ್ಯಾಲರಿಯೂ ಸ್ವಲ್ಪ ಇಳಿಯಿತು. ಇದನ್ನಷ್ಟೇ ಓದಿದವರು ನೋಡಿ ಹೇಳಿರಲಿಲ್ವಾ ಅನ್ನುತ್ತಾರೆ. ಆದರೆ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ 30 ಜನರಿಗೆ ನಾಲ್ಕು ವಾರ ಬೆಳಗ್ಗೆ ದೊಡ್ಡ ಊಟ, ಇನ್ನು ನಾಲ್ಕು ವಾರ ಸಂಜೆ ದೊಡ್ಡ ಊಟ ಕೊಟ್ಟರು. ಎರಡರಲ್ಲೂ ದಿನದ ಒಟ್ಟು ಕ್ಯಾಲರಿ ಒಂದೇ. ತೂಕ ಇಳಿದದ್ದೂ ಹೆಚ್ಚು ಕಡಿಮೆ ಒಂದೇ, ಮೂರು ಕಿಲೋ ಚಿಲ್ಲರೆ. ವ್ಯತ್ಯಾಸ ಕಂಡದ್ದು ಹಸಿವಿನಲ್ಲಿ. ಬೆಳಗ್ಗೆ ಜಾಸ್ತಿ ತಿಂದ ವಾರಗಳಲ್ಲಿ ದಿನವಿಡೀ ಹಸಿವು ಕಡಿಮೆ ಇತ್ತು.

ನನಗೆ ಇದನ್ನು ಓದಿದಾಗ ಒಂದು ದೊಡ್ಡ ಭಾರ ಇಳಿದ ಹಾಗಾಯಿತು. ಏಳು ಗಂಟೆ ದಾಟಿದ ಕೂಡಲೇ ತಿಂದದ್ದೆಲ್ಲ ಕೊಬ್ಬಾಗುವುದಿಲ್ಲ. ಹಗಲು ಸರಿಯಾಗಿ ತಿನ್ನದಿದ್ದರೆ ಹಸಿವು ಬಡ್ಡಿ ಸಮೇತ ರಾತ್ರಿ ವಸೂಲಿಗೆ ಬರುತ್ತೆ. ಅದೂ ಕಷ್ಟದ ಹೊತ್ತಿನಲ್ಲೇ ಬರುತ್ತೆ. 2013ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ 12 ಜನರನ್ನು ಮಂದ ಬೆಳಕಿನ ಕೋಣೆಗಳಲ್ಲಿ ದಿನಗಟ್ಟಲೆ ಇಟ್ಟು, ಊಟ ನಿದ್ದೆಗಳ ಹೊತ್ತನ್ನು ಬದಲಿಸುತ್ತಾ ಹೋಗಿ, ಹಸಿವನ್ನು ಅಳೆದರು. ತಿಂದದ್ದು ಮಲಗಿದ್ದು ಯಾವಾಗಲೇ ಆಗಲಿ, ದೇಹದ ಗಡಿಯಾರದ ಲೆಕ್ಕದಲ್ಲಿ ಬೆಳಗ್ಗೆ ಎಂಟರ ಸುಮಾರಿಗೆ ಹಸಿವು ತೀರಾ ಕಡಿಮೆ, ರಾತ್ರಿ ಎಂಟರ ಸುಮಾರಿಗೆ ತೀರಾ ಜಾಸ್ತಿ. ಸಿಹಿ, ಉಪ್ಪು, ಹಿಟ್ಟಿನ ಪದಾರ್ಥಗಳ ಆಸೆಯೂ ಹಾಗೆಯೇ. ರಾತ್ರಿ ಬಾಯಿ ಬೇಡುವುದು ನಿಮ್ಮ ಮನಸ್ಸು ದುರ್ಬಲ ಅಂತ ಅಲ್ಲ, ದೇಹ ಇರುವುದೇ ಹಾಗೆ. ಹಗಲೆಲ್ಲ ಉಪವಾಸ ಇದ್ದು ಆ ಹೊತ್ತಿಗೆ ಎದುರು ನಿಲ್ಲುತ್ತೇನೆ ಅನ್ನುವುದು ಬರಿಗೈಯಲ್ಲಿ ಯುದ್ಧಕ್ಕೆ ಹೋದ ಹಾಗೆ.

ಈಗ ನಾನು ಮಾಡುವುದು ಇಷ್ಟು. ಬೆಳಗ್ಗೆ ಹಸಿವಿಲ್ಲದಿದ್ದರೂ ಒಂದು ಮೊಟ್ಟೆಯನ್ನಾದರೂ ತಿನ್ನುತ್ತೇನೆ. ಮಧ್ಯಾಹ್ನ ಕೂತು, ತಟ್ಟೆ ಹಾಕಿಕೊಂಡು, ಹೊಟ್ಟೆ ತುಂಬ ಊಟ ಮಾಡುತ್ತೇನೆ. ಸಂಜೆ ಐದಕ್ಕೆ ಒಂದು ಹಿಡಿ ಬೀಜಗಳು, ಒಂದು ಹಣ್ಣು. ಈ ಐದು ಗಂಟೆಯದ್ದೇ ನನಗೆ ಎಲ್ಲಕ್ಕಿಂತ ದೊಡ್ಡ ಉಪಕಾರ ಮಾಡಿದ್ದು, ಅದನ್ನು ತಿಂದ ದಿನ ರಾತ್ರಿ ಊಟಕ್ಕೆ ಕೂತಾಗ ಕೈ ನಡುಗುವುದಿಲ್ಲ, ಗಬಗಬ ಅಂತ ತಿನ್ನುವುದಿಲ್ಲ. ರಾತ್ರಿ ಊಟ ಎಂಟರ ಸುಮಾರಿಗೆ. ಕೆಲಸ ತಡವಾದರೆ ಒಂಬತ್ತೂ ಆಗುತ್ತೆ, ಆವತ್ತು ಸ್ವಲ್ಪ ಹಗುರ. ಊಟಕ್ಕೂ ಮಲಗುವುದಕ್ಕೂ ನಡುವೆ ಎರಡು ಮೂರು ಗಂಟೆ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಹುಳಿ ಮೇಲಕ್ಕೆ ಬಂದು ಎದೆ ಉರಿಯುತ್ತೆ, ನಿದ್ದೆ ಕೆಡುತ್ತೆ.

ಹೀಗಿದ್ದೂ ಹತ್ತೂವರೆಗೆ ಹಸಿವಾದರೆ ತಿನ್ನುತ್ತೇನೆ. ಹೌದು, ತಿನ್ನುತ್ತೇನೆ. ಆದರೆ ಅಡುಗೆಮನೆಯ ಲೈಟ್ ಹಾಕುತ್ತೇನೆ. ಬಟ್ಟಲು ತೆಗೆಯುತ್ತೇನೆ. ಕೂರುತ್ತೇನೆ. ಮೊಸರು, ಇಲ್ಲವೇ ಒಂದು ಲೋಟ ಹಾಲು, ಇಲ್ಲವೇ ಹಣ್ಣು. ಕತ್ತಲಲ್ಲಿ ನಿಂತು ತಿನ್ನುವಾಗ ಎಷ್ಟು ತಿಂದೆ ಅಂತ ಹೊಟ್ಟೆಗೂ ಗೊತ್ತಾಗುವುದಿಲ್ಲ, ಕಣ್ಣಿಗೂ ಗೊತ್ತಾಗುವುದಿಲ್ಲ. ಬೆಳಕಿನಲ್ಲಿ ಕೂತರೆ ಒಂದು ಬಟ್ಟಲಿಗೆ ಸಾಕು ಅನ್ನಿಸುತ್ತೆ.

ಕೆಲವು ರಾತ್ರಿ ಅದು ಹಸಿವೇ ಆಗಿರುವುದಿಲ್ಲ. ಇದನ್ನು ಗುರುತಿಸಲು ನನಗೆ ತುಂಬ ದಿನ ಬೇಕಾಯಿತು. ಈಗ ನನ್ನನ್ನೇ ಕೇಳಿಕೊಳ್ಳುತ್ತೇನೆ, ಒಂದು ಬೇಯಿಸಿದ ಮೊಟ್ಟೆ ಕೊಟ್ಟರೆ ತಿಂತೀಯಾ ಅಂತ. ಹೂಂ ಅಂದರೆ ಹಸಿವು. ಬೇಡ, ಗರಿಗರಿಯಾಗಿ ಏನಾದರೂ ಬೇಕು, ಸಿಹಿ ಏನಾದರೂ ಬೇಕು ಅಂದರೆ ಅದು ಬೇರೆ. ಹೆಚ್ಚಿನ ಸಲ ಅದು ಸುಸ್ತು. ಇನ್ನು ಕೆಲವು ಸಲ ಏನು ಗೊತ್ತಾ, ಇಡೀ ದಿನದಲ್ಲಿ ಯಾರೂ ನನ್ನನ್ನು ಕರೆಯದ, ಯಾರಿಗೂ ಉತ್ತರ ಕೊಡಬೇಕಿಲ್ಲದ ಹೊತ್ತು ಅದೊಂದೇ, ಅದನ್ನು ಬಿಟ್ಟು ಮಲಗಲು ಮನಸ್ಸೇ ಬರುವುದಿಲ್ಲ. ಬಿಸ್ಕತ್ತು ಆ ಹೊತ್ತನ್ನು ಎಳೆಯಲು ಒಂದು ನೆಪ ಆಗಿತ್ತು. ಈ ವಿಷಯ ನನಗೆ ಹೊಳೆದ ದಿನ ಅಳು ಬಂತು. ಅದಕ್ಕೆ ಡಯಟ್‌ನಲ್ಲಿ ಉತ್ತರ ಇಲ್ಲ. ಸಂಜೆ ಅರ್ಧ ಗಂಟೆ ನನ್ನ ಪಾಡಿಗೆ ನನ್ನನ್ನು ಬಿಡಿ ಅಂತ ಮನೆಯವರಿಗೆ ಹೇಳಿದೆ. ಅವರು ಸುಲಭವಾಗಿ ಒಪ್ಪಿದರು, ನಾನೇ ಇಷ್ಟು ವರ್ಷ ಕೇಳಿರಲಿಲ್ಲ.

ನಿದ್ದೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತೆ. ಅಮೆರಿಕದಲ್ಲಿ ಕಡಿಮೆ ನಿದ್ದೆ ಮಾಡುತ್ತಿದ್ದ, ತೂಕ ಜಾಸ್ತಿ ಇದ್ದ 80 ಜನರ ಮೇಲೆ ಒಂದು ಪ್ರಯೋಗ ನಡೆಯಿತು. ಅರ್ಧ ಜನರಿಗೆ ನಿದ್ದೆ ಹೆಚ್ಚಿಸಿಕೊಳ್ಳಲು ಸಲಹೆ ಕೊಟ್ಟರು, ಊಟದ ಬಗ್ಗೆ ಏನೂ ಹೇಳಲಿಲ್ಲ. ಅವರು ರಾತ್ರಿಗೆ ಸುಮಾರು ಒಂದೂಕಾಲು ಗಂಟೆ ಜಾಸ್ತಿ ಮಲಗಿದರು. ಉಳಿದವರಿಗೆ ಹೋಲಿಸಿದರೆ ದಿನಕ್ಕೆ 270 ಕ್ಯಾಲರಿ ಕಡಿಮೆ ತಿಂದರು. ಯಾರೂ ಬೇಡ ಅನ್ನಲಿಲ್ಲ, ತಾವಾಗಿಯೇ ಕಡಿಮೆ ತಿಂದರು. ಹನ್ನೊಂದೂವರೆಗೆ ನಾನು ಎದ್ದಿರದಿದ್ದರೆ ಆ ಪ್ಯಾಕೆಟ್ ಬಿಚ್ಚುತ್ತಲೇ ಇರಲಿಲ್ಲ, ಅಲ್ವಾ?

ಎಲ್ಲರಿಗೂ ಒಂದೇ ಗಂಟೆ ಹೇಳುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ನನ್ನ ಪರಿಚಯದ ನರ್ಸ್ ಒಬ್ಬರಿದ್ದಾರೆ. "ನನ್ನ ಡ್ಯೂಟಿ ಶುರುವಾಗೋದೇ ರಾತ್ರಿ ಎಂಟಕ್ಕೆ, ಏಳರ ಮೇಲೆ ತಿನ್ನಬೇಡಿ ಅಂದ್ರೆ ಹಸಿದ ಹೊಟ್ಟೇಲಿ ನಾನು ಹೇಗೆ ಸೂಜಿ ಚುಚ್ಚಲಿ ಹೇಳಿ" ಅಂತ ಕೇಳಿದರು ಒಮ್ಮೆ. ಅವರು ದೊಡ್ಡ ಊಟವನ್ನು ಡ್ಯೂಟಿಗೆ ಮುಂಚೆ ಮುಗಿಸುತ್ತಾರೆ, ನಡುರಾತ್ರಿ ಸ್ವಲ್ಪ ಮಾತ್ರ ತಿನ್ನುತ್ತಾರೆ. ಅವರಿಗೆ ಅದು ಸರಿ ಹೋಗಿದೆ. ಇನ್ಸುಲಿನ್ ತೆಗೆದುಕೊಳ್ಳುವವರು, ಸಕ್ಕರೆ ಇಳಿಸುವ ಕೆಲವು ಮಾತ್ರೆ ನುಂಗುವವರು ಯಾರದೋ ಮಾತು ಕೇಳಿ ರಾತ್ರಿ ಊಟ ಬಿಟ್ಟರೆ ನಿದ್ದೆಯಲ್ಲೇ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ದಯವಿಟ್ಟು ನಿಮ್ಮ ಡಾಕ್ಟರನ್ನು ಕೇಳದೆ ಊಟದ ಹೊತ್ತು ಬದಲಿಸಬೇಡಿ.

ಇನ್ನು ನನ್ನ ಗೆಳತಿಯ ವಿಷಯ. ಅವಳದು ನನ್ನದಕ್ಕಿಂತ ಬೇರೆ ಇರಬಹುದು ಅಂತ ನನಗೆ ಅನ್ನಿಸುತ್ತಿದೆ. ನಾನು ಮಲಗುವ ಮುಂಚೆ ತಿನ್ನುತ್ತಿದ್ದೆ. ಅವಳು ನಿದ್ದೆಯಿಂದ ಎದ್ದು ಹೋಗಿ ತಿನ್ನುತ್ತಾಳೆ, ತಿನ್ನದೆ ಮತ್ತೆ ನಿದ್ದೆ ಬರುವುದಿಲ್ಲ ಅನ್ನುತ್ತಾಳೆ, ಬೆಳಗ್ಗೆ ಊಟದ ಹೆಸರೆತ್ತಿದರೆ ಅವಳಿಗೆ ಆಗುವುದಿಲ್ಲ. ಆಲ್ಬರ್ಟ್ ಸ್ಟಂಕರ್ಡ್ ಅನ್ನುವ ಡಾಕ್ಟರು 1955ರಲ್ಲೇ ಇಂಥದ್ದನ್ನು ಗುರುತಿಸಿ ಬರೆದಿದ್ದಾರೆ. ಈಗ ಅದಕ್ಕೆ ನೈಟ್ ಈಟಿಂಗ್ ಸಿಂಡ್ರೋಮ್ ಅನ್ನುತ್ತಾರೆ. ದಿನದ ಊಟದಲ್ಲಿ ಕಾಲು ಭಾಗ ಅಥವಾ ಅದಕ್ಕಿಂತ ಜಾಸ್ತಿ ರಾತ್ರಿ ಊಟದ ಆಮೇಲೆ ಹೋಗುವುದು, ವಾರಕ್ಕೆ ಎರಡು ಸಲವಾದರೂ ಎದ್ದು ತಿನ್ನುವುದು, ಇವು ಅದರ ಗುರುತು. ಖಿನ್ನತೆಯ ಜೊತೆಗೂ ಇದು ಬರುವುದುಂಟು. ಕೆಲವರಿಗೆ ನಿದ್ದೆ ಮಾತ್ರೆಯಿಂದಲೂ ರಾತ್ರಿ ಎದ್ದು ತಿನ್ನುವ ತೊಂದರೆ ಆಗುತ್ತೆ, ಬೆಳಗ್ಗೆ ನೆನಪೇ ಇರುವುದಿಲ್ಲ. ಇವೆಲ್ಲಕ್ಕೂ ಚಿಕಿತ್ಸೆ ಇದೆ. ಇದನ್ನು ಸೋಮಾರಿತನ, ಹೊಟ್ಟೆಬಾಕತನ ಅಂತ ಕರೆದು ಒಬ್ಬರನ್ನು ಇನ್ನಷ್ಟು ಕುಗ್ಗಿಸುವುದು ಕ್ರೂರತನ. ಅವಳು ಎರಡು ವರ್ಷದಿಂದ ಅದನ್ನೇ ಕೇಳಿಸಿಕೊಂಡಿದ್ದಾಳೆ, ಕೊನೆಗೆ ತಾನೇ ತನಗೆ ಹೇಳಿಕೊಳ್ಳಲು ಶುರು ಮಾಡಿದ್ದಾಳೆ.

ನನ್ನ ತೂಕ ಕೇಳುವವರು ಕೇಳೇ ಕೇಳುತ್ತೀರಿ. ಒಂದು ವರ್ಷದಲ್ಲಿ ಏಳು ಕಿಲೋ ಇಳಿದಿದೆ, ಮಧ್ಯೆ ಎರಡು ಏರಿ ಮತ್ತೆ ಇಳಿದದ್ದು. ಆ ಪುಸ್ತಕದಲ್ಲಿ ಈಗಲೂ ಬರೆಯುತ್ತೇನೆ, ದಿನಾ ಅಲ್ಲ, ರಾತ್ರಿ ಮತ್ತೆ ಅಡುಗೆಮನೆಯ ಕಡೆ ಕಾಲು ಎಳೆಯಲು ಶುರುವಾದ ವಾರ ಮಾತ್ರ. ಪ್ರತಿ ಸಲವೂ ಮಧ್ಯಾಹ್ನದ ಊಟದ ಜಾಗದಲ್ಲಿ ಒಂದು ಗೆರೆ ಎಳೆದಿರುತ್ತೆ.

ಗುರುವಾರ ಅವಳ ಜೊತೆ ಡಾಕ್ಟರ ಹತ್ತಿರ ನಾನೂ ಹೋಗುತ್ತಿದ್ದೇನೆ. ಒಳಗೆ ಹೋದ ಮೇಲೆ ನಾಚಿಕೆಯಿಂದ ಏನೂ ಹೇಳೋಕಾಗಲ್ಲ ಅಂತ ಹೆದರಿದ್ದಳು, ಅದಕ್ಕೆ ನಿನ್ನೆ ಫೋನಿನಲ್ಲಿ ಇಬ್ಬರೂ ಸೇರಿ ಒಂದು ಹಾಳೆಯಲ್ಲಿ ಬರೆದುಕೊಂಡೆವು. ಎಷ್ಟು ಗಂಟೆಗೆ ಎಚ್ಚರ ಆಗುತ್ತೆ, ವಾರಕ್ಕೆ ಎಷ್ಟು ಸಲ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಎಷ್ಟು ದಿನದಿಂದ. ಬಾಯಲ್ಲಿ ಬರದಿದ್ದರೆ ಆ ಹಾಳೆಯನ್ನೇ ಅವರ ಕೈಗೆ ಕೊಡುತ್ತಾಳೆ.