ಟೈಸನ್ ಕೈಯಲ್ಲಿ ಹೊಡೆತ ತಿಂದವನು ಅಂದರೆ ಮುಗಿಯಿತಾ?

ನಿನ್ನೆ ಸಂಜೆ ಹುಬ್ಬಳ್ಳಿಯ ಹೊಸೂರಿನಲ್ಲಿ ಧಾರವಾಡಕ್ಕೆ ಹೋಗುವ ಚಿಗರಿ ಬಸ್ ಹತ್ತಿದೆ. ಸೀಟು ಸಿಗಲಿಲ್ಲ, ಅದು ದಿನದ ಕಥೆ. ಕಂಬಿ ಹಿಡಿದು ನಿಂತೆ. ಪಕ್ಕದ ಸೀಟಿನಲ್ಲಿ ಇಬ್ಬರು ಕಾಲೇಜು ಹುಡುಗರು. ಇಬ್ಬರಿಗೂ ಸೇರಿ ಒಂದೇ ಫೋನು. ಪ್ರಪಂಚದ ಹತ್ತು ಶ್ರೇಷ್ಠ ಹೆವಿವೇಟ್ ಬಾಕ್ಸರ್‌ಗಳು ಅಂತ ಯಾವುದೋ ವಿಡಿಯೋ ಓಡುತ್ತಿತ್ತು. ನಾನೂ ಬಗ್ಗಿ ನೋಡತೊಡಗಿದೆ. ಒಂಬತ್ತನೇ ಜಾಗದಲ್ಲಿ ಲ್ಯಾರಿ ಹೋಮ್ಸ್ ಮುಖ ಬಂತು.

"ಇಂವ ಯಾರ್ಲೇ?"

"ಟೈಸನ್ ಕೈಯಾಗ ಬಡಿಸಿಕೊಂಡ್ನಲ್ಲ, ಆ ಮುದುಕ."

ಅಷ್ಟೇ. ಉಣಕಲ್ ಕೆರೆ ದಾಟುವಷ್ಟರಲ್ಲಿ ಒಬ್ಬ ಮನುಷ್ಯನ ಲೆಕ್ಕ ಚುಕ್ತಾ ಆಯಿತು. ನನಗೆ ಬಿಪಿ ಇರುವುದು ನಿಮಗೆಲ್ಲ ಗೊತ್ತು. ಬೆಳಿಗ್ಗೆ ಗುಳಿಗೆ ನುಂಗಿಯೇ ಹೊರಬಿದ್ದಿದ್ದೆ. ಆದರೂ ಏರಿತು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕಾರು ತೊಳೆಯುತ್ತಿದ್ದ ಹುಡುಗ ಅವನು. ಪೆನ್ಸಿಲ್ವೇನಿಯಾದ ಈಸ್ಟನ್ ಅನ್ನುವ ಊರು. ಮುಂದೆ ಮುಹಮ್ಮದ್ ಅಲಿಯ ಜೊತೆ ಪ್ರಾಕ್ಟೀಸಿಗೆ ನಿಲ್ಲುವ ಕೆಲಸ ಸಿಕ್ಕಿತು. ನಮ್ಮ ಗರಡಿ ಮನೆಯ ಲೆಕ್ಕದಲ್ಲಿ ಹೇಳುವುದಾದರೆ, ದೊಡ್ಡ ಪೈಲ್ವಾನನ ಕೈಯಲ್ಲಿ ದಿನಾ ಮಣ್ಣು ಮುಕ್ಕುವ ಹುಡುಗ. 1978ರಲ್ಲಿ ಕೆನ್ ನಾರ್ಟನ್ ಎದುರು ನಿಂತ. ನಾರ್ಟನ್ ಅಂದರೆ ಅಲಿಯ ದವಡೆ ಮುರಿದ ಆಸಾಮಿ. ಹೋಮ್ಸ್‌ನ ಎಡಗೈಗೆ ಕೆಲವೇ ದಿನ ಮುಂಚೆ ಪೆಟ್ಟಾಗಿತ್ತು. ಅವನ ಆಸ್ತಿಯೇ ಆ ಎಡಗೈ. ಜ್ಯಾಬ್ ಅಂತಾರಲ್ಲ, ಭುಜದಿಂದ ನೇರ ಮುಖಕ್ಕೆ ಬರುವ ಗುದ್ದು, ಹೆವಿವೇಟ್‌ನಲ್ಲಿ ಅವನಷ್ಟು ಚೆನ್ನಾಗಿ ಹಾಕಿದವರು ಬೆರಳೆಣಿಕೆಯಷ್ಟು. ಆ ನೋಯುವ ಕೈಯಲ್ಲೇ 15 ರೌಂಡ್ ಆಡಿದ. ಮೂವರು ತೀರ್ಪುಗಾರರ ಚೀಟಿಯಲ್ಲೂ 143-142. ಇಬ್ಬರು ಇವನ ಕಡೆ, ಒಬ್ಬ ಅವನ ಕಡೆ. ಒಂದೇ ಒಂದು ಪಾಯಿಂಟಿನಲ್ಲಿ ಚಾಂಪಿಯನ್. ಆ ಕೊನೆಯ ರೌಂಡ್ ಈಗಲೂ ಯೂಟ್ಯೂಬಿನಲ್ಲಿದೆ. ಇಬ್ಬರಿಗೂ ನಿಲ್ಲಲು ತ್ರಾಣವಿಲ್ಲ, ಆದರೂ ಇಬ್ಬರೂ ಹೊಡೆಯುವುದನ್ನು ಬಿಡುವುದಿಲ್ಲ. ನಾನು ಅದನ್ನು ಎಷ್ಟು ಸಲ ನೋಡಿದ್ದೇನೆ ಅಂತ ನಮ್ಮ ಮನೆಯಾಕೆಯನ್ನು ಕೇಳಿ.

ಅಲ್ಲಿಂದ ಏಳು ವರ್ಷ ಪಟ್ಟ ಬಿಡಲಿಲ್ಲ. 20 ಸಲ ಉಳಿಸಿಕೊಂಡ. ಅವನಿಗಿಂತ ಮುಂಚೆ ಹೆವಿವೇಟ್‌ನಲ್ಲಿ ಇದಕ್ಕಿಂತ ಜಾಸ್ತಿ ಉಳಿಸಿಕೊಂಡಿದ್ದು ಜೋ ಲೂಯಿಸ್ ಒಬ್ಬನೇ, 25 ಸಲ. 1979ರಲ್ಲಿ ಅರ್ನಿ ಶೇವರ್ಸ್ ಅನ್ನುವ ಭಯಂಕರ ಹೊಡೆತಗಾರ ಏಳನೇ ರೌಂಡಿನಲ್ಲಿ ಇವನನ್ನು ಅಂಗಾತ ಕೆಡವಿದ. ಬೇರೆಯವನಾಗಿದ್ದರೆ ಅಲ್ಲೇ ಮಲಗಿರುತ್ತಿದ್ದ. ಇವನು ಎದ್ದ. 11ನೇ ರೌಂಡಿನಲ್ಲಿ ಶೇವರ್ಸ್‌ನ ಆಟ ಮುಗಿಸಿದ.

ಇದ್ಯಾವುದೂ ಲೆಕ್ಕಕ್ಕಿಲ್ಲ. ಟೈಸನ್ ಕೈಯಲ್ಲಿ ಬಡಿಸಿಕೊಂಡ ಮುದುಕ.

ಸರಿ, ಆ ಮುದುಕನ ಲೆಕ್ಕವನ್ನೇ ಮಾಡೋಣ. 1988ರ ಜನವರಿ. ಹೋಮ್ಸ್‌ಗೆ 38 ವರ್ಷ, ಆಗಿನ ಚಾಂಪಿಯನ್ ಮೈಕ್ ಟೈಸನ್‌ಗೆ 21. ಹೋಮ್ಸ್ ಗ್ಲೌಸ್ ಕಳಚಿ ಎರಡು ವರ್ಷ ಆಗುತ್ತ ಬಂದಿತ್ತು. ನಾಲ್ಕನೇ ರೌಂಡಿನಲ್ಲಿ ಬಿದ್ದ. ಒಪ್ಪಿದೆ. ಈಗ 1980ರ ಅಕ್ಟೋಬರ್‌ಗೆ ಬನ್ನಿ. ಅಲಿಗೆ 38 ವರ್ಷ. ಅವನೂ ಎರಡು ವರ್ಷ ರಿಂಗ್ ಬಿಟ್ಟು ಮರಳಿ ಬಂದಿದ್ದ. ಎದುರಿಗೆ ಇದೇ ಹೋಮ್ಸ್. ಹತ್ತು ರೌಂಡ್ ಆಯಿತು, ಒಂದು ರೌಂಡೂ ಅಲಿಯದಲ್ಲ. ಕೊನೆಗೆ ಅಲಿಯ ಕಡೆಯವರೇ ಸಾಕು ಅಂತ ನಿಲ್ಲಿಸಿದರು. ನಡುವೆ ಹೋಮ್ಸ್ ರೆಫರಿ ಕಡೆ ನೋಡಿ, ನಿಲ್ಲಿಸಪ್ಪಾ ಅಂತ ಸನ್ನೆ ಮಾಡುತ್ತಿದ್ದ. ಮುಗಿದ ಮೇಲೆ ಗೆದ್ದವನು ಅತ್ತ.

ಅದೇ ವಯಸ್ಸು, ಅದೇ ಎರಡು ವರ್ಷದ ಗ್ಯಾಪು, ಅದೇ ತರಹದ ಸೋಲು. ಅಲಿ ಸೋತರೆ ಎಲ್ಲರ ಕಣ್ಣಲ್ಲಿ ನೀರು. ಹೋಮ್ಸ್ ಸೋತರೆ ರೀಲ್ಸ್, ಮೇಲೆ ನಗುವ ಇಮೋಜಿ. ಇದ್ಯಾವ ನ್ಯಾಯ ಹೇಳಿ?

ನನ್ನ ಪ್ರಕಾರ ಜನ ಅವನನ್ನು ಕ್ಷಮಿಸದೇ ಇರುವುದು ಟೈಸನ್‌ಗೆ ಸೋತಿದ್ದಕ್ಕಲ್ಲ. ಅಲಿಯನ್ನು ಸೋಲಿಸಿದ್ದಕ್ಕೆ. ದೇವರಂಥವನ ಮೇಲೆ ಕೈ ಮಾಡಿದವನು ಅಂತ. ನಮ್ಮ ಧಾರವಾಡದವರಿಗೆ ಇದು ಅರ್ಥವಾಗಬೇಕು. ಸಂಗೀತ ಅಂದ ಕೂಡಲೇ ಮನ್ಸೂರರು, ಭೀಮಸೇನ ಜೋಶಿ, ಗಂಗೂಬಾಯಿ. ಬಸವರಾಜ ರಾಜಗುರು ಅಂದರೆ, "ಹಾಂ, ಅವರೂ ಛಲೋ ಹಾಡ್ತಿದ್ರು." ಅವರೂ! ರಾಜಗುರುಗಳು ಮಾಡಿದ ತಪ್ಪೇನು? ಆ ಸಾಲಿನಲ್ಲಿ ಹುಟ್ಟಿದ್ದು. ಹೋಮ್ಸ್ ಕಥೆ ಇನ್ನೂ ಒಂದು ಕೈ ಮೇಲೆ. ಹಿಂದೆ ಅಲಿ, ಮುಂದೆ ಟೈಸನ್, ನಡುವೆ ಇವನು.

ಗೆಳೆಯರೊಬ್ಬರು (ಹೆಸರು ಹಾಕಲ್ಲ, ಕಾಮೆಂಟಿನಲ್ಲಿ ತಾವೇ ಬರುತ್ತಾರೆ) ರಾತ್ರಿ ಫೋನಿನಲ್ಲಿ ಅಂದರು: ಹೋಮ್ಸ್ ಕಾಲದಲ್ಲಿ ಗಟ್ಟಿ ಎದುರಾಳಿಗಳೇ ಇರಲಿಲ್ಲ, ಮತ್ತೊಮ್ಮೆ ಆಡಬೇಕಾದವರ ಜೊತೆ ಅವನು ಆಡಲಿಲ್ಲ. ಎರಡನೆಯದು ಸ್ವಲ್ಪ ನಿಜ. 1983ರಲ್ಲಿ ವಿದರ್‌ಸ್ಪೂನ್ ಅನ್ನುವವನು ಹೋಮ್ಸ್ ಎದುರು ಕೂದಲೆಳೆಯಲ್ಲಿ ಸೋತಿದ್ದ, ಅವನಿಗೆ ಎರಡನೇ ಅವಕಾಶ ಕೊಡಲೇ ಇಲ್ಲ. ಮೊದಲನೆಯದು ಮಾತ್ರ ಬರೀ ಹರಟೆ. ಟೈಸನ್ ಮೊದಲ ಬೆಲ್ಟ್, ಅಂದರೆ ಚಾಂಪಿಯನ್ ಪಟ್ಟ, ಕಿತ್ತುಕೊಂಡಿದ್ದು ಯಾರಿಂದ? ಬರ್ಬಿಕ್‌ನಿಂದ. ಆ ಬರ್ಬಿಕ್‌ನನ್ನು 1981ರಲ್ಲೇ ಹೋಮ್ಸ್ ಸೋಲಿಸಿದ್ದ. ಟೈಸನ್‌ನ ಎರಡನೇ ಬೆಲ್ಟ್? ಬೋನ್‌ಕ್ರಷರ್ ಸ್ಮಿತ್‌ನಿಂದ. ಅವನನ್ನೂ 1984ರಲ್ಲಿ ಹೋಮ್ಸ್ ಹೊಡೆದು ಕಳಿಸಿದ್ದ. ಹೋಮ್ಸ್ ಸೋಲಿಸಿದರೆ ಜೊಳ್ಳು, ಅದೇ ಜನರನ್ನು ಟೈಸನ್ ಸೋಲಿಸಿದರೆ ಕಾಳು. ಹೀಗೆ ತೂಗುವ ತಕ್ಕಡಿ ಎಲ್ಲಿ ಸಿಗುತ್ತೆ ಸಾಹೇಬರೇ?

ಅವನ ಬಾಯಿ ಕೆಟ್ಟದ್ದು, ಅದನ್ನು ಒಪ್ಪುತ್ತೇನೆ. 1985ರಲ್ಲಿ 48 ಆಡಿ 48 ಗೆದ್ದಿದ್ದ. ಇನ್ನೊಂದು ಗೆದ್ದಿದ್ದರೆ, ಒಂದೂ ಸೋಲದೆ ನಿವೃತ್ತನಾದ ಹಳೆಯ ಚಾಂಪಿಯನ್ ರಾಕಿ ಮಾರ್ಸಿಯಾನೊನ 49 ಗೆಲುವಿಗೆ ಸಮ. ಮೈಕಲ್ ಸ್ಪಿಂಕ್ಸ್ ಎದುರು ಸೋತ. ಆ ಸಿಟ್ಟಿನಲ್ಲಿ, ಮಾರ್ಸಿಯಾನೊಗೆ ನನ್ನ ಲಂಗೋಟಿ ಹೊರುವ ಯೋಗ್ಯತೆಯೂ ಇಲ್ಲ ಅನ್ನುವ ಅರ್ಥದ ಮಾತಾಡಿದ. ಸತ್ತವನ ಬಗ್ಗೆ! ಆಮೇಲೆ ಕ್ಷಮೆ ಕೇಳಿದ, ಆದರೆ ಆಡಿದ ಮಾತು ಆಡಿದ್ದೇ. ನಮ್ಮ ದೊಡ್ಡಪ್ಪ ಕೇಳಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದರು.

ದೊಡ್ಡಪ್ಪನ ವಿಷಯ ನಿಮಗೆ ಗೊತ್ತೇ ಇದೆ, ಹಿಂದೆಯೂ ಬರೆದಿದ್ದೇನೆ. ಹಳೆಯ ಪೈಲ್ವಾನ. ಎರಡೂ ಕಿವಿ ಮುರಿದು ಒಣ ಅಡಿಕೆಯ ಹಾಗೆ ಗಟ್ಟಿಯಾಗಿದ್ದವು. ಚಿಕ್ಕವರಿದ್ದಾಗ ನಾವು ಸಾಲಾಗಿ ನಿಂತು ಆ ಕಿವಿ ಮುಟ್ಟಿ ನೋಡುತ್ತಿದ್ದೆವು. ವರ್ಷಗಟ್ಟಲೆ ಅವರ ಬೆನ್ನಿಗೆ ಮಣ್ಣು ಹತ್ತಿರಲಿಲ್ಲವಂತೆ. ನಲವತ್ತು ದಾಟಿದ ಮೇಲೆ, ಮಗಳ ಮದುವೆಯ ಸಾಲಕ್ಕೆ ಅಂತ, ಪಕ್ಕದೂರಿನ ಜಾತ್ರೆಯಲ್ಲಿ ಮತ್ತೆ ಕಣಕ್ಕಿಳಿದರು. ಮೀಸೆ ಚಿಗುರದ ಹುಡುಗನೊಬ್ಬ ಚಿತ್ ಮಾಡಿದ. ಊರಲ್ಲಿ ಇವತ್ತಿಗೂ ಅವರ ಹೆಸರು ಎತ್ತಿದರೆ, "ಹಾಂ, ಆ ಹುಡುಗನ ಕೈಯಾಗ ಬಿದ್ರಲ್ಲ" ಅನ್ನುತ್ತಾರೆ.

ಇನ್ನೊಂದು ಹೇಳಿಬಿಡುತ್ತೇನೆ, ಬೈಯಬೇಡಿ. 1988ರಲ್ಲಿ ನನ್ನ ಹಾಸ್ಟೆಲ್ ರೂಮಿನ ಗೋಡೆಯ ಮೇಲೆ ಟೈಸನ್ ಫೋಟೋ ಇತ್ತು. ಪತ್ರಿಕೆಯಿಂದ ಕತ್ತರಿಸಿ ಅನ್ನದ ಅಗುಳಿನಿಂದ ಅಂಟಿಸಿದ್ದೆ. ಹೋಮ್ಸ್ ಬಿದ್ದ ಸುದ್ದಿ ಓದಿ, "ಮುದುಕಗ ಬೇಕಿತ್ತೇನು ಇದು?" ಅಂತ ನಕ್ಕವನು ನಾನೇ. ಆಗ ನನಗೂ ಇಪ್ಪತ್ತೊಂದು. ಈಗ ನಮ್ಮ ಓಣಿಯ ಶಟಲ್ ಕೋರ್ಟಿನಲ್ಲಿ ಪಿಯುಸಿ ಹುಡುಗರು ನನ್ನನ್ನು ಅತ್ತಿಂದಿತ್ತ ಓಡಿಸಿ ನಗುವಾಗ ಆ ಫೋಟೋ ನೆನಪಾಗುತ್ತದೆ.

ಹೋಮ್ಸ್ ಅಲ್ಲಿಗೂ ನಿಲ್ಲಲಿಲ್ಲ. 1992ರಲ್ಲಿ, 42ನೇ ವಯಸ್ಸಿನಲ್ಲಿ, ಒಂದೂ ಸೋಲು ಕಾಣದ ಒಲಿಂಪಿಕ್ ಚಿನ್ನದ ರೇ ಮರ್ಸರ್‌ಗೆ ಪಾಠ ಕಲಿಸಿದ. ಒಟ್ಟು 75 ಆಡಿ 69 ಗೆದ್ದ. ಹೊಡೆತಕ್ಕೆ ಕುಸಿದು ಆಟ ನಿಂತಿದ್ದು ಒಂದೇ ಸಲ. ಆ ಒಂದೇ ಸಲದ್ದು ಎಲ್ಲರ ಫೋನಿನಲ್ಲಿದೆ.

ನನ್ನ ಪಟ್ಟಿ ಕೇಳುತ್ತೀರಾ? ಅಲಿ, ಲೂಯಿಸ್, ಮೂರನೆಯವನು ಹೋಮ್ಸ್. ಟೈಸನ್ ಅಷ್ಟು ಮೇಲೆ ಬರಲ್ಲ. ಜಗಳಕ್ಕೆ ಬರುವವರು ಭಾನುವಾರ ಮನೆಗೇ ಬನ್ನಿ, ಗಿರ್ಮಿಟ್ ಮಾಡಿಸುತ್ತೇನೆ.

ಬಸ್ಸಿನಲ್ಲಿ ಇದನ್ನೆಲ್ಲ ಆ ಹುಡುಗರಿಗೆ ಹೇಳಿದೆ, ಹೌದು. ನವನಗರದಿಂದ ಶುರು ಮಾಡಿದವನು ವಿದ್ಯಾಗಿರಿಯಲ್ಲಿ ಇಳಿಯುವುದನ್ನೂ ಮರೆತೆ. ಜುಬಿಲಿ ಸರ್ಕಲ್ ಬಂದೇಬಿಟ್ಟಿತು. ಪಾಪ, ಒಳ್ಳೆಯ ಹುಡುಗರು. ಒಬ್ಬ ಎದ್ದು ಸೀಟು ಕೊಟ್ಟ, ಇನ್ನೊಬ್ಬ, "ಹೆಸರು ಏನಂದ್ರಿ ಅಂಕಲ್, ಹುಡುಕ್ತೀನಿ ತಡೀರಿ" ಅಂತ ಅಲ್ಲೇ ಟೈಪ್ ಮಾಡಿದ. ನಾನೂ ಕನ್ನಡಕ ಸರಿ ಮಾಡಿಕೊಂಡು ಬಗ್ಗಿದೆ.

ಮೊದಲು ಬಂದ ವಿಡಿಯೋ ಯಾವುದು ಹೇಳಿ? 1988, ನಾಲ್ಕನೇ ರೌಂಡ್.